ಬೋರ್ಡ್ ಗೇಮ್ ಗುಂಪಿಗೆ ಬಂದ ಹೆಣ್ಣುಮಕ್ಕಳು ಎರಡನೇ ಸಲ ಬರುತ್ತಿಲ್ಲ. ಅವರಿಗೆ ಸುಲಭದ ಆಟ ಇಟ್ಟು ಬೇರೆ ಟೇಬಲ್ ಹಾಕಬೇಕೇ?

ಎರಡೂ ಬೇಡ. ರಾಯಚೂರಿನ ನಿಮ್ಮ ಗುಂಪಿನ ಕಥೆಯೇ ಬಳ್ಳಾರಿಯ ನಮ್ಮದೂ ಆಗಿತ್ತು. ಹುಡುಗರು ಖಾಯಂ. ಹೆಣ್ಣುಮಕ್ಕಳು ಒಮ್ಮೆ ಬಂದು, "ಚೊಲೋ ಇತ್ರಿ" ಅಂದು ಹೋದವರು ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ನಿಮ್ಮ ಹಾಗೆ ನಾವೂ ದೋಷ ಆಟದ ಡಬ್ಬಿಯಲ್ಲಿದೆ ಅಂದುಕೊಂಡು ಡಬ್ಬಿ ಬದಲಾಯಿಸಿದೆವು. ಅದೇ ನಮಗೆ ದುಬಾರಿಯಾಗಿದ್ದು. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಹೊರಗಿನಿಂದ ನೋಡಿದರೆ ಅದು ತಪ್ಪಿನ ಹಾಗೆ ಕಾಣುವುದೇ ಇಲ್ಲ.

ಹೆಣ್ಣುಮಕ್ಕಳಿಗೆ ಒಬ್ಬರ ಮೇಲೊಬ್ಬರು ಬೀಳುವ ಆಟ ಹಿಡಿಸುವುದಿಲ್ಲ, ಎಲ್ಲರೂ ಒಂದೇ ಕಡೆ ಇರುವ ಆಟ ಇಡೋಣ ಅಂತ ಪ್ಯಾಂಡೆಮಿಕ್ ತೆಗೆದೆವು. ಮ್ಯಾಟ್ ಲೀಕಾಕ್ ಮಾಡಿದ 2008ರ ಆಟ. 48 ಊರು, ನಾಲ್ಕು ರೋಗ. ಒಬ್ಬೊಬ್ಬರ ಸರದಿಯಲ್ಲಿ 4 ಕೆಲಸ ಮಾಡಬಹುದು, ಆಮೇಲೆ 2 ಕಾರ್ಡ್ ಎತ್ತಬೇಕು, ಕೊನೆಗೆ ರೋಗ ಹರಡುತ್ತದೆ. ಒಂದೇ ಬಣ್ಣದ 5 ಕಾರ್ಡ್ ಒಬ್ಬರ ಕೈಯಲ್ಲಿ ಸೇರಿಸಿ ಸಂಶೋಧನಾ ಕೇಂದ್ರಕ್ಕೆ ಒಯ್ದರೆ ಆ ರೋಗಕ್ಕೆ ಮದ್ದು ಸಿಗುತ್ತದೆ. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ಓದಿದರೆ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ ಅನ್ನಿಸುತ್ತದೆ.

ಆದರೆ ಈ ಆಟದಲ್ಲಿ ಗುಟ್ಟು ಅನ್ನುವುದೇ ಇಲ್ಲ. ಗುರಿ ಒಂದೇ, ಬೋರ್ಡು ಎಲ್ಲರ ಎದುರಿಗೆ, ಹೊಸಬರಿಗೆ ಅನುಕೂಲ ಆಗಲಿ ಅಂತ ಕಾರ್ಡುಗಳನ್ನೂ ಬಿಚ್ಚಿಡುತ್ತೇವೆ. ಅಂದರೆ ಟೇಬಲ್ಲಿನಲ್ಲಿ ಹೆಚ್ಚು ಆಡಿದವನು ಯಾರೋ ಅವನು ನಾಲ್ವರ ಲೆಕ್ಕವನ್ನೂ ಒಬ್ಬನೇ ಹಾಕಬಲ್ಲ. ಹಾಕುತ್ತಾನೆ ಕೂಡ. "ಅಕ್ಕಾ, ನೀವು ಚೆನ್ನೈಗೆ ಹೋಗ್ರಿ. ಅಲ್ಲೇ ಆ ಕಾರ್ಡ್ ನನಗ ಕೊಡ್ರಿ. ಮುಂದಿಂದು ನಾ ನೋಡ್ಕೋತೀನಿ." ಆತನ ಮಾತು ಸರಿಯಾಗಿಯೇ ಇರುತ್ತದೆ, ತೊಂದರೆ ಇರುವುದೇ ಅಲ್ಲಿ. ತಪ್ಪು ಸಲಹೆಯಾದರೆ ಎದುರಾಡಬಹುದು. ಸರಿಯಾದ ಸಲಹೆಗೆ, ಅದೂ ಪರಿಚಯವಿಲ್ಲದ ಆರೇಳು ಗಂಡಸರ ನಡುವೆ, "ಇಲ್ಲ, ನಾನು ಬೇರೆ ಮಾಡ್ತೀನಿ" ಅನ್ನಲು ಯಾರಿಗೆ ಬಾಯಿ ಬರುತ್ತದೆ? ಎರಡು ಗಂಟೆ ಕೂತವರು ಮಾಡಿದ್ದು ಇನ್ನೊಬ್ಬರು ಹೇಳಿದ ಕಡೆ ಕಾಯಿ ಸರಿಸಿದ್ದು ಮಾತ್ರ. ಗಂಡಸರಿಗೂ ಹೀಗಾಗುತ್ತದೆ. ಆದರೆ ಅವರು ಮುಂದಿನ ವಾರ ಗೆಳೆಯನ ಜೊತೆ ಬಂದು ಜೋರು ಮಾಡುತ್ತಾರೆ. ಒಬ್ಬರೇ ಬಂದ ಹೆಣ್ಣುಮಗಳಿಗೆ ಆ ಬೆಂಬಲ ಇರುವುದಿಲ್ಲ. ಈ ಚಾಳಿಗೆ ಆಟದವರ ನಡುವೆ ಆಲ್ಫಾ ಪ್ಲೇಯರ್ ಅನ್ನುವ ಹೆಸರೇ ಇದೆ.

ಇನ್ನೊಂದು ಮೋಸ ಏನೆಂದರೆ, ಹೀಗೆ ಆಡಿದಾಗಲೇ ಗೆಲುವು ಬರುವುದು. ಗೆದ್ದು ಎಲ್ಲರೂ ಚಪ್ಪಾಳೆ ಹೊಡೆದರೆ, ಸಂಜೆ ಚೆನ್ನಾಗಿ ಆಯಿತು ಅಂತ ಆಯೋಜಕರು ಖುಷಿಯಾಗಿ ಮನೆಗೆ ಹೋಗುತ್ತಾರೆ. ನಾವು ಹೋದೆವು. ಆಟ ಸೋತಿದ್ದರೆ ಬಹುಶಃ ಬೇಗ ಎಚ್ಚರ ಆಗುತ್ತಿತ್ತೇನೋ. ಆದ್ದರಿಂದ ಗೆಲುವು, ನಗು, ಫೋಟೋ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಹೊಸಬರ ಕಾಯಿಯನ್ನು ಯಾರ ಕೈ ಸರಿಸುತ್ತಿದೆ, ಸರಿಸುವ ಮೊದಲು ಅವರು ಯಾರ ಮುಖ ನೋಡುತ್ತಿದ್ದಾರೆ, ಇಷ್ಟು ಗಮನಿಸಿ. ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ.

ಪ್ಯಾಂಡೆಮಿಕ್ಕನ್ನು ಮೂಲೆಗೆ ಹಾಕಬೇಕಿಲ್ಲ. ಕಾರ್ಡುಗಳು ಅವರವರ ಕೈಯಲ್ಲಿ, ಮುಖ ಒಳಗೆ ಇರಲಿ. ಸರದಿ ಯಾರದೋ ಅವರೇ ಮೊದಲು ಮಾತಾಡಬೇಕು. ಅವರು ಕೇಳಿದರೆ ಮಾತ್ರ ಉಳಿದವರು ಬಾಯಿ ಬಿಡಬೇಕು. ಸಲಹೆ ಕೊಡುವವರು "ಹೀಗೆ ಮಾಡಿ" ಅನ್ನುವ ಹಾಗಿಲ್ಲ, ಬೋರ್ಡಿನ ಮೇಲಿನ ಅಪಾಯ ತೋರಿಸಬಹುದು ಅಷ್ಟೇ: "ದಿಲ್ಲಿಯಲ್ಲಿ ರೋಗದ ಕ್ಯೂಬ್ ಮೂರು ಆಗಿವೆ" ಅಂತ. ಮತ್ತೊಬ್ಬರ ಕಾಯಿಯನ್ನು ಮುಟ್ಟುವುದು ಪೂರ್ತಿ ಬಂದ್. ಇಷ್ಟು ಮಾಡಿದರೆ ಸೋಲುವುದು ಹೆಚ್ಚುತ್ತದೆ, ಹೆಚ್ಚಲಿ ಬಿಡಿ.

ಇಲ್ಲವೇ ಒಬ್ಬನೇ ಎಲ್ಲ ನಡೆಸಲು ನಿಯಮವೇ ಬಿಡದ ಜೊತೆಯಾಟ ಇಡಿ. ಹನಾಬಿಯಲ್ಲಿ ನಿಮ್ಮ ಕಾರ್ಡು ನಿಮಗೇ ಕಾಣುವುದಿಲ್ಲ, ಮುಖ ಹೊರಗೆ ಮಾಡಿ ಹಿಡಿಯಬೇಕು. 50 ಕಾರ್ಡು, ಸುಳಿವು ಕೊಡಲು 8 ಬಿಲ್ಲೆ. ದಿ ಮೈಂಡ್‌ನಲ್ಲಿ 1ರಿಂದ 100ರವರೆಗಿನ ಕಾರ್ಡುಗಳನ್ನು ಮಾತಿಲ್ಲದೆ, ಸನ್ನೆ ಇಲ್ಲದೆ ಏರಿಕೆ ಕ್ರಮದಲ್ಲಿ ಇಡಬೇಕು. ದಿ ಕ್ರೂ, ಇಸ್ಪೀಟಿನಲ್ಲಿ ತುರುಫು ಗೊತ್ತಿದ್ದವರಿಗೆ ಕೂಡಲೇ ಕೈಗೆ ಹತ್ತುತ್ತದೆ, ಅದರಲ್ಲೂ ಮಾತಿಗೆ ಕಡಿವಾಣ ಇದೆ.

ಈಗ "ಸುಲಭದ ಆಟ" ಅನ್ನುವ ನಿಮ್ಮ ವಿಚಾರಕ್ಕೆ ಬರುತ್ತೇನೆ. ಇದು ನನಗೆ ಸಿಟ್ಟು ತರಿಸುವ ಮಾತು. ನಮ್ಮ ಕಡೆ ಮನೆಯಲ್ಲಿ ಚೌಕಾಬಾರ ಹಾಕಿ ಕೂರುವವರು ಯಾರು? ಐದೈದು 25 ಮನೆ, ನಾಲ್ಕು ಕವಡೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಬಿಡುವುದಿಲ್ಲ. ಸ್ವಂತ ಮೊಮ್ಮಗನ ಕಾಯಿಯನ್ನು ಮನೆ ಬಾಗಿಲಲ್ಲಿ ಕಡಿದು ನಗುವ ಅಜ್ಜಿಯರಿರುವ ಊರಲ್ಲಿ ಕೂತು, ಹೆಂಗಸರಿಗೆ ಪೈಪೋಟಿ ಆಗಿಬರುವುದಿಲ್ಲ ಅನ್ನುವುದು ಎಲ್ಲಿಂದ ಬಂತು? ಅಳಿಗುಳಿಮಣೆಯಲ್ಲಿ 14 ಗುಳಿಯ ಹುಣಸೆಬೀಜದ ಲೆಕ್ಕ ಕಣ್ಣಲ್ಲೇ ಇಟ್ಟುಕೊಂಡು ಆಡುವವರಿಗೆ ಊರು-ರಸ್ತೆ ಕಟ್ಟುವ ಕಟಾನ್‌ನ ಲೆಕ್ಕ ಯಾವ ದೊಡ್ಡದು? ತಡೆ ಇರುವುದು ಆಟದ ಕಷ್ಟದಲ್ಲಲ್ಲ, ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷ ಒದರುವ ನಿಯಮದ ಪಾಠದಲ್ಲಿ.

ಪಾಠ ಹೀಗಿರಲಿ. ಮೊದಲ ವಾಕ್ಯ: ಗೆಲ್ಲುವುದು ಹೇಗೆ. ಎರಡನೆಯದು: ಆಟ ಮುಗಿಯುವುದು ಯಾವಾಗ. ಮೂರನೆಯದು: ಸರದಿ ಬಂದಾಗ ಮಾಡಬಹುದಾದ ಕೆಲಸ ಯಾವುವು. ಅಲ್ಲಿಗೆ ನಿಲ್ಲಿಸಿ ಒಂದು ಸುತ್ತು ಸುಮ್ಮನೆ ಆಡಿಸಿ, ಅಂಕ ಲೆಕ್ಕ ಬೇಡ. ಅಪವಾದಗಳನ್ನು ಅವು ಎದುರಾದಾಗ ಹೇಳಿ. ಆದರೆ ಒಬ್ಬರನ್ನು ಮುಳುಗಿಸಬಲ್ಲ ಅಪವಾದವನ್ನು ಮೊದಲೇ ಹೇಳಿಬಿಡಿ. ಬಣ್ಣದ ಬಿಲ್ಲೆ ಜೋಡಿಸುವ ಅಜುಲ್‌ನಲ್ಲಿ ಹೆಚ್ಚಾದ ಬಿಲ್ಲೆ ನೆಲದ ಸಾಲಿಗೆ ಬಿದ್ದರೆ ಕಳೆಯುವ ಅಂಕ 1, 1, 2, 2, 2, 3, 3 ಅಂತ ಏರುತ್ತದೆ. ಅದನ್ನು ಕೊನೆಗೆ ಹೇಳಿದರೆ ಹೊಸಬರಿಗೆ ಮೋಸ ಆದಂತೆ ಅನ್ನಿಸುತ್ತದೆ. (ಅಜುಲ್ ನೋಡಲು ರಂಗೋಲಿಯಷ್ಟು ಚೆಂದ, ಆಡಲು ಮಹಾ ಹಟಮಾರಿ ಆಟ. ಕಾರ್ಡಿಲ್ಲ, ಓದಲು ಅಕ್ಷರ ಇಲ್ಲ. ಹೊಸಬರಿಗೆ ನನ್ನ ಮೊದಲ ಆಯ್ಕೆ ಅದೇ.) ಸರದಿಯ ಕೆಲಸಗಳನ್ನು ಕನ್ನಡದಲ್ಲಿ ಅರ್ಧ ಎ4 ಹಾಳೆಯಲ್ಲಿ ಬರೆದು, ಆಟಗಾರರಿಗೆ ಒಂದೊಂದು ಪ್ರತಿ ಕೊಡಿ. ಒಂದೇ ಹಾಳೆ ಇದ್ದರೆ ಅದು ಹಳಬನ ಕೈಯಲ್ಲೇ ಉಳಿಯುತ್ತದೆ.

ಇದಕ್ಕಿಂತ ಮುಖ್ಯವಾದ ಕೆಲಸ: ಡಬ್ಬಿಯನ್ನು ಮನೆಗೆ ಕಳಿಸಿ. ಎರಡನೇ ಸಲ ಬಂದ ಹೆಣ್ಣುಮಗಳ ಕೈಗೆ ಒಂದು ಆಟ ಕೊಟ್ಟು, "ಮುಂದಿನ ವಾರ ಇದನ್ನು ನೀವು ಕಲಿಸ್ರಿ" ಅನ್ನಿ. ಗುಂಪಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಆಟ ಆದರೆ ಇನ್ನೂ ಒಳ್ಳೆಯದು, ನಡುವೆ ಬಾಯಿ ಹಾಕಲು ಯಾರಿಗೂ ಆಸ್ಪದ ಇರುವುದಿಲ್ಲ. ಕಲಿಸುವವರ ಹತ್ತಿರ ನಿಯಮ ಇರುತ್ತದೆ, ವ್ಯಾಜ್ಯ ಬಂದರೆ ತೀರ್ಪು ಅವರದೇ. ನಮ್ಮಲ್ಲಿ ಪರಿಸ್ಥಿತಿ ತಿರುಗಿದ್ದು ಇದರಿಂದ, ಆಟ ಬದಲಿಸಿದ್ದರಿಂದ ಅಲ್ಲ. ಡಬ್ಬಿ ಕಳಿಸುವಾಗ ಬಿಡಿಭಾಗಗಳ ಎಣಿಕೆ ಬರೆದ ಚೀಟಿ ಮುಚ್ಚಳದೊಳಗೆ ಅಂಟಿಸಿರಿ. ಅಜುಲ್ ಆದರೆ 5 ಬಣ್ಣ, ಬಣ್ಣಕ್ಕೆ 20ರಂತೆ 100 ಬಿಲ್ಲೆ. ಒಂದು ಕಳೆದರೂ ಮನೆಯಲ್ಲಿನ ಸಣ್ಣ ಮಕ್ಕಳ ಮೇಲೆ ಗುಮಾನಿ ಬರುತ್ತದೆ.

ಕನ್ನಡದಲ್ಲೇ ಆಡುವ ಆಟ ಬೇಕೆಂದರೆ, ಒಂದು ಪದದ ಸುಳಿವು ಕೇಳಿ ತಮ್ಮ ತಂಡದ ಪದಗಳನ್ನು ಹುಡುಕುವ ಕೋಡ್‌ನೇಮ್ಸ್‌ಗೆ ನೀವೇ ಪದ ಬರೆದುಕೊಳ್ಳಿ. ಒಂದು ಆಟಕ್ಕೆ 25 ಪದ: ಮೊದಲು ಆಡುವ ತಂಡಕ್ಕೆ 9, ಎರಡನೆಯದಕ್ಕೆ 8, ಯಾರದೂ ಅಲ್ಲದ್ದು 7, ಕೊಲೆಗಾರ (ಮುಟ್ಟಿದ ತಂಡ ಅಲ್ಲೇ ಸೋತಂತೆ) 1. 300 ಜಿಎಸ್‌ಎಂ ಎ4 ಹಾಳೆಯಲ್ಲಿ 7 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರದ 18 ಕಾರ್ಡು ಬರುತ್ತವೆ. 12 ಹಾಳೆಗೆ 216. ಕರಿ, ಹತ್ತು, ಕಾಲು, ಎಣ್ಣೆ ಥರ ಎರಡೆರಡು ಅರ್ಥದ ಪದ ಹಾಕಿದರೆ ಆಟ ರಂಗೇರುತ್ತದೆ. ಮುತ್ತು ಅನ್ನುವ ಪದವನ್ನು ನಾವು ತೆಗೆದಿದ್ದೇವೆ. ಸುಳಿವು ಕೊಡುವವರಿಗಿಂತ ಪಕ್ಕದಲ್ಲಿ ನಿಂತವರೇ ಹೆಚ್ಚು ಕಿಸಕ್ಕನೆ ನಗುತ್ತಿದ್ದರು.

ಬೇರೆ ಟೇಬಲ್ ವಿಷಯ. ಬಂದವರೇ ಬೇಕು ಅಂದರೆ ಹಾಕಿ, ನೀವಾಗಿ ನಿರ್ಧರಿಸಿ ಕೂರಿಸಬೇಡಿ. ಆದರೆ ಇಬ್ಬರು ಹೆಣ್ಣುಮಕ್ಕಳು ಬಂದಾಗ "ಸಮ ಆಗಲಿ" ಅಂತ ಟೇಬಲ್ಲಿಗೊಬ್ಬರಂತೆ ಹಂಚುವುದನ್ನು ಮೊದಲು ನಿಲ್ಲಿಸಿ. ಇಬ್ಬರೂ ಒಂದೇ ಟೇಬಲ್ಲಿನಲ್ಲಿರಲಿ.

ಹೊತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಹಾಗಾಗಿ ತೊಡಕು ದುಡ್ಡಿನದಲ್ಲ, ಕತ್ತಲೆಯದು. ಸಿರುಗುಪ್ಪದಿಂದಲೋ ಕಂಪ್ಲಿಯಿಂದಲೋ ಬಂದವರು ಬೆಳಕಿರುವಾಗ ಬಸ್ ಹತ್ತಬೇಕು. ಭಾನುವಾರ ಬೆಳಿಗ್ಗೆ ಇಟ್ಟರೆ ಅಡುಗೆಮನೆ ಬಿಡುವುದಿಲ್ಲ. ಮೂರರಿಂದ ಆರು ಸರಿಯಾದ ಹೊತ್ತು, ಬೇಸಿಗೆಯಲ್ಲಿ ನಮ್ಮ ಬಿಸಿಲಿಗೆ ನಾಲ್ಕರಿಂದ ಆರೂವರೆ. ಮುಗಿಯುವ ಹೊತ್ತನ್ನು ಮೊದಲೇ ಹೇಳಿ, ಆಟ ಅರ್ಧ ಇದ್ದರೂ ಏಳಿ. ಡಬ್ಬಿಯ ಮೇಲೆ ಬರೆದ ಸಮಯವನ್ನು ನಂಬಬೇಡಿ, ಹೊಸಬರಿದ್ದರೆ ಅದರ ಒಂದೂವರೆ ಪಟ್ಟು ಹಿಡಿಯಿರಿ. ಜಾಗ ಯಾರದೋ ರೂಮು ಆಗಬಾರದು. ರಸ್ತೆಗೆ ಕಾಣುವ ಬಾಗಿಲು, ಚಿಲಕ ಮತ್ತು ನೀರು ಇರುವ ಶೌಚಾಲಯ. ಈ ಎರಡನ್ನು ಜಾಗ ಹಿಡಿಯುವ ಮೊದಲು ಒಬ್ಬ ಹೆಣ್ಣುಮಗಳೇ ಹೋಗಿ ನೋಡಲಿ. ಗಂಡಸರು "ಐತಿ" ಅಂತ ಹೇಳಿದ್ದನ್ನು ಲೆಕ್ಕಕ್ಕಿಡಬೇಡಿ.

ಚಹಾ, ಒಗ್ಗರಣಿ-ಮಿರ್ಚಿ ಹೋಟೆಲಿನಿಂದ ತರಿಸಿ, ತಂದು ಹಂಚುವ ಸರದಿ ಗಂಡಸರ ಹೆಸರಲ್ಲಿ ಬರೆದಿಡಿ. ಬರೆಯದೆ ಬಿಟ್ಟರೆ ಲೋಟ ಎತ್ತುವವರು ಯಾರಾಗುತ್ತಾರೆ ಅಂತ ನಿಮಗೇ ಗೊತ್ತು. ಮಿರ್ಚಿ ತಿಂದ ಕೈಯನ್ನು ಸೋಪಿನಲ್ಲಿ ತೊಳೆಯದೆ ಕಾರ್ಡು ಮುಟ್ಟಿಸಬೇಡಿ, ಎಣ್ಣೆ ಕಲೆ ಆದ ಕಾರ್ಡು ಹಿಂದಿನಿಂದಲೇ ಗುರುತು ಸಿಗುತ್ತದೆ.

ಡಂಜನ್ಸ್ ಅಂಡ್ ಡ್ರಾಗನ್ಸ್ ಥರದ, ಒಬ್ಬೊಬ್ಬರು ಒಂದು ಪಾತ್ರವಾಗಿ ಕಥೆ ಕಟ್ಟುವ ಆಟ ಆಡಿಸುವುದಾದರೆ ಇನ್ನೂ ಜಾಗ್ರತೆ ಬೇಕು. 1978ರ ಅದರ ನಿಯಮ ಪುಸ್ತಕದಲ್ಲಿ ಮನುಷ್ಯ ಕುಲದ ಹೆಣ್ಣು ಪಾತ್ರದ ಶಕ್ತಿ 18/50 ದಾಟುವಂತಿರಲಿಲ್ಲ, ಗಂಡು ಪಾತ್ರ 18/00 (ಇಲ್ಲಿ 00 ಅಂದರೆ 100) ತನಕ ಹೋಗಬಹುದಿತ್ತು. 1989ರ ಎರಡನೇ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಿದರು. ನಿಯಮ ಹೋದರೂ ಕೆಲವರ ತಲೆಯಲ್ಲಿ ಅದು ಇನ್ನೂ ಇದೆ. ಮೊದಲ ಭೇಟಿಯಲ್ಲಿ ಆಟ ಬೇಡ. ಕಥೆಯಲ್ಲಿ ಯಾವುದು ಬರಬಾರದು ಅಂತ ಎಲ್ಲರೂ ಹೇಳಿ ಬರೆದುಕೊಳ್ಳಿ. ಟೇಬಲ್ ನಡುವೆ ಎಕ್ಸ್ ಬರೆದ ಕಾರ್ಡ್ ಇಡಿ. ಯಾರಾದರೂ ಅದನ್ನು ಮುಟ್ಟಿದರೆ ಆ ದೃಶ್ಯ ಬಿಟ್ಟು ಮುಂದಕ್ಕೆ, ಕಾರಣ ಕೇಳುವಂತಿಲ್ಲ. ಹೆಣ್ಣು ಪಾತ್ರ ಕಂಡ ಕೂಡಲೇ ಕಥೆಯೊಳಗಿನ ಹೋಟೆಲಿನವನನ್ನು ಅವಳ ಹಿಂದೆ ಬಿಡುವ, ಆಟದ ಕಥೆ ನಡೆಸುವ ಡಂಜನ್ ಮಾಸ್ಟರ್‌ಗೆ ಒಮ್ಮೆ ಹೇಳಿ ನೋಡಿ. ಎರಡನೇ ಸಲವೂ ಮಾಡಿದರೆ ಆ ಕುರ್ಚಿಯಿಂದ ಎಬ್ಬಿಸಿ.

ಇದು ಗಂಡಸರ ಹವ್ಯಾಸ ಅನ್ನುವವರು ನಿಮ್ಮಲ್ಲೂ ಇದ್ದಾರೆ ಅಂತ ಬರೆದಿದ್ದೀರಿ. ಮನಾಪಲಿಯ ಮೂಲವಾದ ಲ್ಯಾಂಡ್‌ಲಾರ್ಡ್ಸ್ ಗೇಮ್‌ಗೆ 1904ರಲ್ಲಿ ಪೇಟೆಂಟ್ ಪಡೆದವರು ಎಲಿಜಬೆತ್ ಮ್ಯಾಗಿ. ಮುಂದೆ ಪಾರ್ಕರ್ ಬ್ರದರ್ಸ್ ಕಂಪನಿಯವರು ಮ್ಯಾಗಿಗೆ 500 ಡಾಲರ್ ಕೊಟ್ಟು ಕೈತೊಳೆದುಕೊಂಡರು, ಮನಾಪಲಿ ಕಂಡುಹಿಡಿದ ಹೆಸರು ಚಾರ್ಲ್ಸ್ ಡಾರೋಗೆ ಹೋಯಿತು. 2019ರಲ್ಲಿ ಜರ್ಮನಿಯ ಕೆನ್ನರ್‌ಸ್ಪೀಲ್ ಪ್ರಶಸ್ತಿ ಪಡೆದ ವಿಂಗ್‌ಸ್ಪ್ಯಾನ್ ಎಲಿಜಬೆತ್ ಹಾರ್‌ಗ್ರೇವ್ ಅವರದು, 170 ಹಕ್ಕಿಗಳ ಕಾರ್ಡು. ಅದನ್ನು ಹೆಂಗಸರ ಆಟ ಅಂತ ಮಾತ್ರ ಪರಿಚಯಿಸಬೇಡಿ. ಒಬ್ಬೊಬ್ಬರಿಗೆ 26 ಸರದಿಯ, ಒಳ್ಳೆಯ ತಲೆನೋವಿನ ಆಟ ಅದು.

ಕೊನೆಗೆ ಫೋನ್. ಸಾಮಾನ್ಯ ವಾಟ್ಸಾಪ್ ಗುಂಪಿಗೆ ಸೇರಿಸಿದರೆ ಎಲ್ಲರ ನಂಬರೂ ಎಲ್ಲರಿಗೂ ಸಿಗುತ್ತದೆ, ರಾತ್ರಿ "ಊಟ ಆಯ್ತಾ" ಶುರುವಾಗುತ್ತದೆ. ಹೆಣ್ಣುಮಕ್ಕಳು ಜಗಳ ಮಾಡುವುದಿಲ್ಲ, ಸುಮ್ಮನೆ ಬರುವುದು ಬಿಡುತ್ತಾರೆ. ಕಮ್ಯುನಿಟಿ ಮಾಡಿ, ಪ್ರಕಟಣೆಯ ಗುಂಪಿಗೆ ಮಾತ್ರ ಸೇರಿಸಿ. ಅಲ್ಲಿ ಇತರ ಸದಸ್ಯರಿಗೆ ನಂಬರ್ ಕಾಣುವುದಿಲ್ಲ. ನಂಬರ್ ಕೊಡುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಫೋಟೋ ಕೂಡ ಹಾಗೆಯೇ: ಬೋರ್ಡಿನದು ತೆಗೆಯಿರಿ, ಮುಖ ಬಂದರೆ ಕೇಳಿ ಹಾಕಿ. ನಿಮ್ಮ ಈಗಿನ ಗುಂಪನ್ನು ಮುಂದಿನ ಭಾನುವಾರದೊಳಗೆ ಬದಲಾಯಿಸಿ, ಬಿಟ್ಟುಹೋದವರಿಗೆ ಆಮೇಲೆ ಹೊಸ ಲಿಂಕ್ ಕಳಿಸಿ.