ನೋಯುತ್ತಿದೆ ಅನ್ನುವುದು ಗುನಾಹ್ ಅಲ್ಲ

ನಾನು ಆಪ್ತಸಲಹೆಗಾರ್ತಿ. ಇದು ನನ್ನ ಹತ್ತಿರ ಬಂದ ಒಬ್ಬ ಹೆಂಗಸಿನ ಕಥೆ. ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ನಾನು ಅವರನ್ನು ಆಪಾ (ಅಕ್ಕ) ಎಂದು ಕರೆಯುತ್ತೇನೆ, ಇಲ್ಲೂ ಹಾಗೇ ಕರೆಯುತ್ತೇನೆ.

ಆಪಾಗೆ ಐವತ್ತರ ಆಸುಪಾಸು. ಮಧ್ಯ ಕರ್ನಾಟಕದ ಒಂದು ಊರು. ಮದುವೆಗೆ ಮುಂಚಿನಿಂದಲೂ ಬೀಡಿ ಕಟ್ಟಿದವರು. ಮೊರ ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟಿ. ಕೂಲಿ ಸಾವಿರ ಬೀಡಿಯ ಲೆಕ್ಕ, ಹಾಗಾಗಿ ಬೆರಳು ಓಡಿದಷ್ಟೇ ದುಡ್ಡು. ಆ ಬೆರಳುಗಳಿಗೇ ಕೆಲವು ವರ್ಷಗಳ ಹಿಂದೆ ಕೀಲುವಾತ ಬಂತು. ಡಾಕ್ಟರ್ ಚೀಟಿಯಲ್ಲಿ ಬರೆದದ್ದು ರುಮಟಾಯ್ಡ್ ಆರ್ಥ್ರೈಟಿಸ್. ರೋಗದಿಂದ ಕಾಪಾಡಬೇಕಾದ ದೇಹದ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ಕೆಡಿಸುವ ಕಾಯಿಲೆ ಇದು. ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ.

ಅವರನ್ನು ನನ್ನ ಹತ್ತಿರ ಕಳಿಸಿದ್ದು ಕೀಲಿನ ಡಾಕ್ಟರ್. "ಮಾತ್ರೆ ತಗೊಳ್ತಿಲ್ಲ, ಯಾಕೆ ಅಂದ್ರೆ ಅಳ್ತಾರೆ" ಎಂದಷ್ಟೇ ಹೇಳಿದ್ದರು. ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಆಪಾ ರಂಜಾನ್‌ನಲ್ಲಿ ನಿಲ್ಲಿಸಿದ್ದರು. ಹಬ್ಬ ಕಳೆದ ಮೇಲೂ ಮತ್ತೆ ಶುರು ಮಾಡಿರಲಿಲ್ಲ.

ಮೊದಲ ಸಲ ಬಂದಾಗ ಗಂಡ ಜೊತೆಗಿದ್ದರು. ಆಪಾ ಏನು ಹೇಳಲು ಬಾಯಿ ತೆರೆದರೂ ಅವರೇ ಮುಗಿಸುತ್ತಿದ್ದರು. ಸ್ವಲ್ಪ ಹೊತ್ತು ಹೊರಗಿರಿ ಎಂದು ವಿನಂತಿಸಿಕೊಂಡೆ. ಅವರು ಹೋದ ಮೇಲೆ ಆಪಾ ಕೈ ಎರಡನ್ನೂ ಮೇಜಿನ ಮೇಲಿಟ್ಟರು. ಬೆರಳ ಗಂಟುಗಳು ಊದಿದ್ದವು. ಬಲಗೈಯ ತೋರುಬೆರಳು ಪಕ್ಕಕ್ಕೆ ಬಾಗಿತ್ತು.

"ನಮಾಜ್‌ನಲ್ಲಿ ಶಹಾದತ್ ಬೆರಳು ಎತ್ತಬೇಕಲ್ಲ ಮೇಡಂ, ಅದು ನೆಟ್ಟಗಾಗೋದೇ ಇಲ್ಲ. ಅಲ್ಲಾಹ್ ಒಬ್ಬನೇ ಅಂತ ಹೇಳೋ ಬೆರಳೇ ಬಗ್ಗಿಹೋಯ್ತು. ನಾನೇನೋ ದೊಡ್ಡ ಗುನಾಹ್ (ಪಾಪ) ಮಾಡಿರ್ಬೇಕು" ಎಂದರು.

ಆಮೇಲೆ ಒಂದೊಂದೇ ಹೊರಬಂತು. ಕೊನೆಗಾಲದಲ್ಲಿ ಅತ್ತೆಯ ಸೇವೆ ಮಾಡುವಾಗ ಒಂದೆರಡು ಸಲ ಸಿಡುಕಿದ್ದರು. ಅದಕ್ಕೇ ಈ ಶಿಕ್ಷೆ ಅಂತ ಅವರ ಲೆಕ್ಕ. ನಾದಿನಿ ಮನೆಗೆ ಬಂದಾಗಲೆಲ್ಲ "ಸಬರ್ ಕರೋ ಭಾಭಿ" (ಸಹಿಸಿಕೊಳ್ಳಿ ಅತ್ತಿಗೆ) ಎನ್ನುತ್ತಾಳೆ. ರಾತ್ರಿ ನರಳಿದರೆ ಗಂಡ "ಸಬರ್ ಮಾಡು, ಸವಾಬ್ (ಪುಣ್ಯ) ಸಿಗುತ್ತೆ" ಎಂದು ಮಗ್ಗುಲು ಬದಲಿಸುತ್ತಾರೆ. ಮಾತ್ರೆ ನುಂಗಿ ನೋವು ಓಡಿಸಿದರೆ ಆ ಸವಾಬ್ ಕೂಡ ಹೋಗುತ್ತದೆ ಎಂದು ಯಾರೋ ಹೇಳಿದ್ದರು. ಅಳು ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು.

"ಅಲ್ಲಾಹ್ ಕರ್ಕೊಂಡ್ರೆ ಸಾಕು" ಎಂದೂ ಅಂದರು. ಇಂಥ ಮಾತು ಬಂದಾಗ ನಾನು ಸುಮ್ನೆ ದಾಟಿಸಿಕೊಂಡು ಹೋಗುವುದಿಲ್ಲ. ನೇರವಾಗಿ ಕೇಳಿದೆ: "ಜೀವ ತೆಗೆದುಕೊಳ್ಳಬೇಕು ಅಂತ ಯೋಚನೆ ಬಂದಿದೆಯಾ ಆಪಾ? ಹೇಗೆ, ಯಾವಾಗ ಅಂತ ಏನಾದರೂ ಅಂದುಕೊಂಡಿದ್ದೀರಾ?" ಇಲ್ಲ ಎಂದರು. ಸಾಯಬೇಕೆಂದಲ್ಲ, ನೋವು ನಿಲ್ಲಬೇಕು ಅಷ್ಟೇ ಎಂದರು. ಆದರೂ 14416 ಎಂಬ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರನ್ನು ಅವರ ಫೋನಿಗೆ ಹಾಕಿಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು ಎಂದು ತಿಳಿಸಿದೆ.

ಸಾವು ಬಯಸಿದ ಮಾತು ಬಾಯಿಗೆ ಬಂದಿತೆಂಬುದೇ ಅವರಿಗೆ ಇನ್ನೊಂದು ಭಯವಾಗಿತ್ತು. ಹೆರಿಗೆ ನೋವು ತಡೆಯಲಾಗದೆ ಖರ್ಜೂರದ ಮರದ ಬುಡಕ್ಕೆ ಬಂದ ಬೀಬಿ ಮರ್ಯಮ್ (ಯೇಸುವಿನ ತಾಯಿ) ಏನಂದರು ಎಂದು ಕೇಳಿದೆ. ಆಪಾಗೆ ಗೊತ್ತಿತ್ತು. ಇದಕ್ಕೆ ಮುಂಚೆಯೇ ಸತ್ತುಹೋಗಿದ್ದರೆ ಚೆನ್ನಾಗಿತ್ತು ಎಂದು ಮರ್ಯಮ್ ಅಂದರು (ಕುರ್‌ಆನ್ 19:23). ಅಲ್ಲಿ ಗದರಿಕೆ ಬರಲಿಲ್ಲ. ದುಃಖಿಸಬೇಡ ಎಂಬ ದನಿ ಬಂತು, ಕಾಲಬುಡದಲ್ಲಿ ನೀರು ಹರಿಯಿತು, ತಿನ್ನಲು ಖರ್ಜೂರ ಉದುರಿತು. ಕಷ್ಟ ಬಂತೆಂದು ಸಾವು ಬಯಸಬಾರದು ಎಂದು ಹದೀಸ್ (ಪ್ರವಾದಿಯವರ ನುಡಿ) ಇರುವುದು ನಿಜ. ಆದರೆ ಅದೇ ಹದೀಸ್ ಅಂಥ ಹೊತ್ತಿಗೆಂದು ಒಂದು ದುಆ (ಪ್ರಾರ್ಥನೆ) ಕೂಡ ಕಲಿಸುತ್ತದೆ: ಬದುಕು ನನಗೆ ಒಳಿತಾಗಿರುವವರೆಗೆ ಬದುಕಿಸು, ಸಾವು ಒಳಿತಾದಾಗ ಕರೆದುಕೋ. ಆ ದುಆ ಹೇಳಿಕೊಳ್ಳಿ ಎಂದೆ.

ಧರ್ಮ ಬೋಧಿಸುವುದು ಆಪ್ತಸಲಹೆಗಾರರ ಕೆಲಸವಲ್ಲ, ಫತ್ವಾ ಕೊಡುವುದಂತೂ ಅಲ್ಲವೇ ಅಲ್ಲ. ಆದರೆ ಎದುರಿಗೆ ಕೂತವರು ತಮ್ಮ ನೋವನ್ನು ದೀನಿನ (ಧರ್ಮದ) ಮಾತಿನಲ್ಲೇ ಹೇಳುತ್ತಿರುವಾಗ, ನಾನು ಬರೀ ಮನಶ್ಶಾಸ್ತ್ರದ ಮಾತಾಡಿದರೆ ಅದು ಅವರ ಒಳಗೆ ಇಳಿಯುವುದಿಲ್ಲ. ಹಾಗಾಗಿ ಅವರಿಗೆ ಗೊತ್ತಿರುವ ಕಥೆಗಳನ್ನೇ ಅವರ ಬಾಯಿಂದ ಹೇಳಿಸಿದೆ.

ಕುರ್‌ಆನಿನ ಸೂರಾ (ಅಧ್ಯಾಯ) ಯೂಸುಫ್ ಆಪಾಗೆ ಬಲು ಇಷ್ಟ. ಮಗ ಯೂಸುಫ್ ಕಳೆದುಹೋದಾಗ ಪ್ರವಾದಿ ಯಾಕೂಬ್ ಅಲೈಹಿಸ್ಸಲಾಂ (ಅವರಿಗೆ ಶಾಂತಿ ಇರಲಿ) ಏನಂದರು? ಸಬ್ರುನ್ ಜಮೀಲ್, ಚಂದದ ಸಹನೆ. ಅದೇ ಯಾಕೂಬರು ಅತ್ತೂ ಅತ್ತೂ ಕಣ್ಣು ಬೆಳ್ಳಗಾದವು ಎಂದು ಅದೇ ಸೂರಾದಲ್ಲಿ ಇದೆ (12:84). ಮನೆಯವರು ಏನಂದರು? ಹೀಗೇ ಅವನನ್ನು ನೆನೆಯುತ್ತಾ ಸೊರಗಿ ಸಾಯುತ್ತೀರಿ ಎಂದರು. ಆಪಾ ಅಲ್ಲಿ ತಲೆ ಎತ್ತಿ ನೋಡಿದರು. ಅದಕ್ಕೆ ಯಾಕೂಬರ ಉತ್ತರ: ನನ್ನ ಸಂಕಟ, ನನ್ನ ದುಃಖವನ್ನು ನಾನು ಅಲ್ಲಾಹನ ಮುಂದೆಯೇ ತೋಡಿಕೊಳ್ಳುತ್ತೇನೆ (12:86). ಪೈಗಂಬರರೊಬ್ಬರು ಸಹನೆಯ ಮಾತನ್ನೂ ಆಡಿದರು, ಕಣ್ಣು ಹೋಗುವಷ್ಟು ಅತ್ತರು ಕೂಡ. ಅತ್ತದ್ದಕ್ಕೆ ಅವರ ಸಬರ್ ಕಡಿಮೆಯಾಯಿತು ಎಂದು ಕುರ್‌ಆನ್ ಎಲ್ಲೂ ಹೇಳಿಲ್ಲ.

ಆಪಾ ಜಾಣೆ. ತಕ್ಷಣ ಕೇಳಿದರು: "ಅಲ್ಲಾಹನ ಮುಂದೆ ಅಂತ ಇದೆಯಲ್ಲ ಮೇಡಂ. ಹಾಗಾದ್ರೆ ನಿಮ್ಮ ಮುಂದೆ ಹೇಳೋದು ತಪ್ಪಲ್ವಾ?"

ಪ್ರಶ್ನೆ ಸರಿಯಾಗಿತ್ತು. ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿರುವ ಒಂದು ಪ್ರಸಂಗ ಹೇಳಿದೆ. ಒಮ್ಮೆ ಪ್ರವಾದಿಯವರ ಪತ್ನಿ ಹಜರತ್ ಆಯಿಷಾ ತಲೆನೋವಿನಿಂದ "ಅಯ್ಯೋ ನನ್ನ ತಲೆ!" ಎಂದರು. ಪ್ರವಾದಿಯವರು ಸುಮ್ಮನಿರು ಎನ್ನಲಿಲ್ಲ. ತಾವೂ ಮಾತಾಡುತ್ತಾ "ಅಯ್ಯೋ ನನ್ನ ತಲೆ" ಅಂದರು. ಇನ್ನೊಂದು ಸಲ ಅನುಯಾಯಿ ಇಬ್ನ್ ಮಸ್ಊದ್ ಪ್ರವಾದಿಯವರ ಮೈ ಮುಟ್ಟಿ "ಜ್ವರ ಜೋರಾಗಿದೆಯಲ್ಲ" ಎಂದಾಗ, ಹೌದು, ನಿಮ್ಮಲ್ಲಿ ಇಬ್ಬರಿಗೆ ಆಗುವಷ್ಟು ಜ್ವರ ನನಗೊಬ್ಬನಿಗೇ ಇದೆ ಎಂದರು. ಉಸ್ಮಾನ್ ಬಿನ್ ಅಬಿಲ್ ಆಸ್ ಎಂಬ ಸಹಾಬಿ (ಪ್ರವಾದಿಯವರ ಸಂಗಾತಿ) ಮೈಯಲ್ಲಿ ನೋವಿದೆ ಎಂದು ಬಂದರು. ನೋವಿರುವ ಜಾಗದ ಮೇಲೆ ಕೈ ಇಡು, ಮೂರು ಸಲ ಬಿಸ್ಮಿಲ್ಲಾ ಹೇಳು, ಏಳು ಸಲ ಒಂದು ದುಆ ಹೇಳು ಎಂದು ಕಲಿಸಿಕೊಟ್ಟರು. ನೋವಾಗುತ್ತಿದೆ ಎಂದು ಬಂದವರ ಮಾತನ್ನು ಕೇಳಿಸಿಕೊಂಡದ್ದು ಪ್ರವಾದಿಯವರ ರೀತಿ. ಅಲ್ಲಾಹನನ್ನು ದೂರುವುದು ಬೇರೆ, ನೋವನ್ನು ಹೇಳಿಕೊಳ್ಳುವುದು ಬೇರೆ ಅಲ್ವಾ?

ಶಿಕ್ಷೆಯ ಮಾತು ಇಷ್ಟು ಬೇಗ ಕರಗಲಿಲ್ಲ. ಹಲವು ಭೇಟಿಗಳಲ್ಲಿ ಅದೇ ತಿರುಗಿ ಬರುತ್ತಿತ್ತು. ಅತಿ ಕಠಿಣ ಪರೀಕ್ಷೆ ಬರುವುದು ಪ್ರವಾದಿಗಳಿಗೆ, ಆಮೇಲೆ ಅವರ ನಂತರದ ಒಳ್ಳೆಯವರಿಗೆ ಎಂಬ ಹದೀಸ್ ತಿರ್ಮಿಜಿ ಎಂಬ ಸಂಗ್ರಹದಲ್ಲಿದೆ. ಕಾಯಿಲೆಯೇ ಪಾಪದ ಗುರುತಾಗಿದ್ದರೆ ಕಾಯಿಲೆಯಿಂದ ನರಳಿದ ಪ್ರವಾದಿ ಅಯ್ಯೂಬ್ ಅಲೈಹಿಸ್ಸಲಾಂ ಯಾವ ಪಾಪ ಮಾಡಿದ್ದರು ಎಂದು ಕೇಳಿದೆ. ಆಪಾ "ತೌಬಾ" (ದೇವರೇ ಕ್ಷಮಿಸು) ಎಂದರು. ಮುಸ್ಲಿಮನಿಗೆ ತಗಲುವ ದಣಿವು, ಕಾಯಿಲೆ, ದುಃಖ, ಕೊನೆಗೆ ಚುಚ್ಚುವ ಮುಳ್ಳಿನಿಂದಲೂ ಪಾಪ ಅಳಿಯುತ್ತದೆ ಎಂಬ ಹದೀಸ್ ಅವರಿಗೆ ಬಾಯಿಪಾಠ. ಆದರೆ ಅದನ್ನು ಅವರು "ಪಾಪ ಇರೋದಕ್ಕೇ ಮುಳ್ಳು" ಎಂದು ತಿರುಗಿಸಿಕೊಂಡಿದ್ದರು. ಇದರಲ್ಲಿ ನಮ್ಮೆಲ್ಲರ ಪಾಲೂ ಇದೆ ಎಂದು ನನಗನ್ನಿಸುತ್ತದೆ. ನೋಯುತ್ತಿರುವವರು ತಾವೇ ಹೇಳಿಕೊಂಡರೆ ಆ ಮಾತು ತಂಪು. ಆರಾಮಾಗಿ ಇರುವವರು ಬಂದು ಹೇಳಿದರೆ ಅದೇ ತೀರ್ಪಿನ ಹಾಗೆ ಕೇಳಿಸುತ್ತದೆ. ಅತ್ತೆಯ ವಿಷಯಕ್ಕೆ ಬೇರೆಯೇ ದಾರಿ ಹಿಡಿದೆವು. ಸಿಡುಕಿದ್ದು ಮನಸ್ಸಿಗೆ ಚುಚ್ಚುತ್ತಿದ್ದರೆ ಅದಕ್ಕೆ ತೌಬಾ (ಪಶ್ಚಾತ್ತಾಪ) ಇದೆ, ಅತ್ತೆಯ ಹೆಸರಲ್ಲಿ ದುಆ, ಸದಕಾ (ದಾನ) ಇದೆ. ಅದಕ್ಕಾಗಿ ಮಾತ್ರೆ ಬಿಡಬೇಕಿಲ್ಲ.

ನನ್ನ ಸಲಹೆಯ ತಿರುಳು ಇರುವುದು ಇನ್ನೊಂದು ಪ್ರಸಂಗದಲ್ಲಿ. ಮೂರ್ಛೆರೋಗವಿದ್ದ ಕಪ್ಪು ವರ್ಣದ ಒಬ್ಬ ಹೆಂಗಸು ಪ್ರವಾದಿಯವರ ಹತ್ತಿರ ಬಂದು, ಮೂರ್ಛೆ ಬಂದಾಗ ಮೈಮೇಲಿನ ಬಟ್ಟೆ ಸರಿದುಹೋಗುತ್ತದೆ, ದುಆ ಮಾಡಿ ಎಂದಳು. ಬೇಕಿದ್ದರೆ ಸಬರ್ ಮಾಡು, ಸ್ವರ್ಗ ಸಿಗುತ್ತದೆ, ಬೇಕಿದ್ದರೆ ವಾಸಿಯಾಗಲೆಂದು ದುಆ ಮಾಡುತ್ತೇನೆ ಎಂದರು. ಸಬರ್ ಮಾಡುತ್ತೇನೆ ಎಂದಳು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಆದರೆ ಮೈ ಕಾಣದಿರಲೆಂದಾದರೂ ದುಆ ಮಾಡಿ ಎಂದಳು. ಅವರು ಮಾಡಿದರು. ಇದೂ ಬುಖಾರಿಯಲ್ಲಿದೆ.

ಅಲ್ಲಿ ಸಬರ್ ಅಪ್ಪಣೆಯಾಗಿ ಬರಲಿಲ್ಲ. ಆರಿಸಿಕೊಳ್ಳುವ ಹಕ್ಕು ಅವಳದಾಗಿತ್ತು. ಆರಿಸಿಕೊಂಡ ಮೇಲೂ ತನ್ನನ್ನು ಅತಿ ಜಾಸ್ತಿ ಕಾಡುವುದೇನು ಎಂದು ಹೇಳಿದಳು, ಅದಕ್ಕೆ ಪರಿಹಾರ ಕೇಳಿದಳು. ಕಥೆ ಮುಗಿಸಿ ಆಪಾಗೆ ಕೇಳಿದೆ: "ನಿಮ್ಮ ಕಾಯಿಲೆಯಲ್ಲಿ ನಿಮ್ಮನ್ನು ಅತಿ ಜಾಸ್ತಿ ಕಾಡೋದು ಏನು?"

ಬೀಡಿ ಎನ್ನುತ್ತಾರೆ, ರಾತ್ರಿಯ ನೋವು ಎನ್ನುತ್ತಾರೆ ಎಂದುಕೊಂಡಿದ್ದೆ. ಬಹಳ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, "ಶಲ್ವಾರ್ ಲಾಡಿ" ಎಂದರು. ಬೆಳಗಿನ ಹೊತ್ತು ಬೆರಳು ಮಡಚಲು ಬರುವುದಿಲ್ಲ. ಲಾಡಿ ಕಟ್ಟಲು, ಬಿಚ್ಚಲು ಸೊಸೆಯನ್ನು ಕೂಗಬೇಕು. ಮನೆಯಲ್ಲಿ ಗಂಡಸರು ಓಡಾಡುತ್ತಿರುತ್ತಾರೆ. ಕೂಗಲು ನಾಚಿ, ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು.

ಈ ಒಂದು ಮಾತಿಗಾಗಿ ಇಷ್ಟು ವರ್ಷ ಯಾರೂ ಜಾಗ ಕೊಟ್ಟಿರಲಿಲ್ಲ. ಪರಿಹಾರ ಎಷ್ಟು ಸಣ್ಣದು! ಶಲ್ವಾರ್‌ಗಳಿಗೆಲ್ಲ ಎಲಾಸ್ಟಿಕ್ ಹಾಕಿಸಿದೆವು. ಬುರ್ಖಾದ ಗುಂಡಿಗಳ ಜಾಗಕ್ಕೆ ಅಂಟುಪಟ್ಟಿ ಬಂತು. ತಿರುಗಿಸುವ ನಲ್ಲಿಯ ಬದಲು ಮುಂಗೈಯಿಂದ ತಳ್ಳುವ ಹಿಡಿಯ ನಲ್ಲಿಯನ್ನು ಮಗನೇ ಕೂರಿಸಿದ.

ಮಾತ್ರೆಯ ವಿಷಯದಲ್ಲಿ ಗಂಡನನ್ನೂ ಕೂರಿಸಿಕೊಂಡು ಮಾತಾಡಿದೆ. ಚಿಕಿತ್ಸೆ ಮಾಡಿಕೊಳ್ಳಬಹುದೇ ಎಂದು ಹಳ್ಳಿಗಾಡಿನ ಅರಬರು ಕೇಳಿದಾಗ, ಮಾಡಿಕೊಳ್ಳಿ, ಮುಪ್ಪೊಂದನ್ನು ಬಿಟ್ಟು ಮದ್ದಿಲ್ಲದ ಕಾಯಿಲೆಯನ್ನು ಅಲ್ಲಾಹ್ ಇಟ್ಟಿಲ್ಲ ಎಂದು ಪ್ರವಾದಿಯವರು ಹೇಳಿದ್ದನ್ನು ನೆನಪಿಸಿದೆ. ಮದ್ದು ತೆಗೆದುಕೊಂಡರೆ ಸವಾಬ್ ಹೋಗುತ್ತದೆ ಎಂಬುದಕ್ಕೆ ಇದರಲ್ಲಿ ಜಾಗ ಎಲ್ಲಿದೆ? ಮೆಥೊಟ್ರೆಕ್ಸೇಟನ್ನು ಬಿಟ್ಟದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಅವರು ಹೇಳಿದ ಹಾಗೆ ಮತ್ತೆ ಶುರು ಮಾಡಲು ಒಪ್ಪಿಸಿದೆ. ಇದನ್ನು ತೆಗೆದುಕೊಳ್ಳುವ ಎಲ್ಲರೂ ಗಮನಿಸಬೇಕು: ಕೀಲುವಾತಕ್ಕೆ ಇದು ವಾರಕ್ಕೊಮ್ಮೆ ನುಂಗುವ ಮಾತ್ರೆ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಆಪಾ ಜುಮ್ಮಾ ದಿನವನ್ನು (ಶುಕ್ರವಾರ) ಗುರುತು ಮಾಡಿಕೊಂಡರು. ರಂಜಾನ್‌ನಲ್ಲಾದರೆ ಇಫ್ತಾರ್ ಆದ ಮೇಲೆ ನುಂಗಬಹುದು ಎಂದು ಡಾಕ್ಟರ್ ಹೇಳಿದರು.

ಗಂಡನಿಗೆ ಈ ಕೌನ್ಸೆಲಿಂಗ್ ಎಂಬುದೇ ನಮ್ಮದಲ್ಲದ ಸಂಗತಿ ಎನ್ನಿಸಿತ್ತು. ಈಗಿನ ಅಫ್ಘಾನಿಸ್ತಾನದಲ್ಲಿರುವ ಬಲ್ಖ್‌ನ ಅಬೂ ಜೈದ್ ಅಲ್ ಬಲ್ಖಿ ಬಗ್ಗೆ ಹೇಳಿದೆ. 934ರಲ್ಲಿ ತೀರಿಕೊಂಡ ಈ ವಿದ್ವಾಂಸರು, ಮೈ ನೊಂದರೆ ಮನಸ್ಸು ಕುಗ್ಗುತ್ತದೆ, ಮನಸ್ಸು ಕೆಟ್ಟರೆ ಮೈಗೂ ಕಾಯಿಲೆ ಬರುತ್ತದೆ, ಎರಡಕ್ಕೂ ಆರೈಕೆ ಬೇಕು ಎಂದು ಸಾವಿರ ವರ್ಷಕ್ಕೂ ಮುಂಚೆ ಬರೆದಿಟ್ಟವರು. ಗಂಡ ಸುಮ್ಮನೆ ಕೇಳಿಸಿಕೊಂಡರು. ಮುಂದಿನ ಸಲ ತಾವಾಗಿಯೇ ಹೊರಗೆ ಕೂತರು.

ನಮಾಜ್, ರೋಜಾದ (ಉಪವಾಸದ) ಪ್ರಶ್ನೆಗಳನ್ನು ಅವರ ಮೊಹಲ್ಲಾದ ಮೌಲಾನಾ ಹತ್ತಿರವೇ ಕೇಳಲು ಹೇಳಿದೆ. ಗಂಡ ಫೋನಿನ ಸ್ಪೀಕರ್ ಹಾಕಿ ಆಪಾ ಎದುರಿಗೇ ಕೇಳಿದರು. ನಿಂತು ನಮಾಜ್ ಮಾಡು, ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಲಗಿ ಎಂದು ಇಮ್ರಾನ್ ಬಿನ್ ಹುಸೈನ್ ಎಂಬ ಸಹಾಬಿಗೆ ಪ್ರವಾದಿಯವರು ಹೇಳಿದ್ದನ್ನೇ ಮೌಲಾನಾ ಹೇಳಿದರು. ವುಜೂಗೆ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು) ಬಿಸಿನೀರು ಬಳಸಿ, ನೀರಿನಿಂದ ಕಾಯಿಲೆ ಹೆಚ್ಚುವುದಾದರೆ ತಯಮ್ಮುಮ್ (ನೀರಿನ ಬದಲು ಮಣ್ಣಿನಿಂದ ಶುದ್ಧಿ) ಇದೆ ಎಂದರು. ಡಾಕ್ಟರ್ ಬೇಡ ಎಂದರೆ ರೋಜಾ ಬಿಡಬಹುದು, ಮುಂದೆಯೂ ಹಿಡಿಯಲಾಗದ ಕಾಯಿಲೆಯಾದರೆ ಒಂದೊಂದು ರೋಜಾಕ್ಕೆ ಒಬ್ಬ ಬಡವರಿಗೆ ಊಟ ಕೊಡಿ ಎಂದರು. ಬೆರಳಿನ ವಿಷಯಕ್ಕೆ, "ಎಷ್ಟು ಏಳುತ್ತೋ ಅಷ್ಟೇ ಎತ್ತಿ ಬೆಹನ್, ಅಲ್ಲಾಹನಿಗೆ ನಿಮ್ಮ ಗಂಟು ಕಾಣುತ್ತೆ" ಎಂದರಂತೆ. ಅದನ್ನು ನನಗೆ ಹೇಳುವಾಗ ಆಪಾ ಕಣ್ಣು ತುಂಬಿತ್ತು. ಬಚ್ಚಲಿಗೆ ಓಡಬೇಕಿರಲಿಲ್ಲ.

ದಿನಚರಿಗೆ ಐದು ಹೊತ್ತಿನ ನಮಾಜನ್ನೇ ಆಧಾರ ಮಾಡಿಕೊಂಡೆವು. ಫಜರ್‌ಗೆ (ನಸುಕಿನ ನಮಾಜ್) ಮುಂಚೆ ಬೆಚ್ಚಗಿನ ನೀರಿನಲ್ಲಿ ಕೈ ಅದ್ದುವುದು. ಜುಹರ್ (ಮಧ್ಯಾಹ್ನ), ಅಸರ್ (ಇಳಿಹೊತ್ತು) ನಡುವೆ ಮಾತ್ರ ಬೀಡಿ, ಅದೂ ಬಿಟ್ಟು ಬಿಟ್ಟು. ಇಶಾ (ರಾತ್ರಿಯ ನಮಾಜ್) ಆದ ಮೇಲೆ ನೋವಿನ ಜಾಗಕ್ಕೆ ಕೈ ಇಟ್ಟು ಆ ದುಆ, ನಿಧಾನವಾಗಿ ಉಸಿರು ಬಿಡುತ್ತಾ. ತಸ್ಬೀಹ್ (ಜಪ) ಮಣಿ ಬಿಟ್ಟು ಬೆರಳ ಗೆಣ್ಣುಗಳ ಮೇಲೆ ಎಣಿಸುವುದನ್ನು ಆಪಾ ತಾವೇ ಶುರು ಮಾಡಿದರು. ಸುಭಾನಲ್ಲಾ 33, ಅಲ್ಹಮ್ದುಲಿಲ್ಲಾ 33, ಅಲ್ಲಾಹು ಅಕ್ಬರ್ 34. ಒಂದೊಂದು ಗೆಣ್ಣಿಗೂ ಹೆಬ್ಬೆರಳು ಮುಟ್ಟಬೇಕಲ್ಲ, ಫಿಸಿಯೋ ಹೇಳಿದ ವ್ಯಾಯಾಮವೂ ಅದರಲ್ಲೇ ಆಗುತ್ತದೆ.

ಕಾಯಿಲೆ ಹೋಗಿಲ್ಲ. ಬೆಳಗಿನ ಬಿಗಿತ ಕಡಿಮೆಯಾಗಿದೆ, ಆದರೆ ಬಾಗಿದ ಬೆರಳು ಬಾಗಿಯೇ ಇದೆ. ಬೀಡಿಯ ಕೂಲಿ ಅರ್ಧಕ್ಕಿಂತ ಕೆಳಗೆ ಬಂದಿದೆ, ಆ ಚಿಂತೆ ಮನೆಯಲ್ಲಿ ಇದ್ದೇ ಇದೆ. ನಾದಿನಿ ಈಗಲೂ "ಸಬರ್ ಕರೋ" ಎನ್ನುತ್ತಾಳಂತೆ. "ಮಾಡ್ತಾ ಇದೀನಿ, ಸ್ವಲ್ಪ ನೀರು ಕಾಯಿಸಿ ಕೊಡು" ಎಂದು ಆಪಾ ಕಳೆದ ವಾರ ಹೇಳಿದರಂತೆ. ಅವಳು ಕಾಯಿಸಿ ಕೊಟ್ಟಳಂತೆ.

ಮುಂದಿನ ಸಲ ಸೊಸೆಯನ್ನೂ ಕರೆತರಲು ಹೇಳಿದ್ದೇನೆ. ಮೂರು ವರ್ಷದ ಮಗು, ಅಡುಗೆ, ಅತ್ತೆಯ ಆರೈಕೆ ಎಲ್ಲ ಅವಳ ಮೇಲಿದೆ. ಅವಳನ್ನು ಹೇಗಿದ್ದೀಯಮ್ಮಾ ಎಂದು ಇನ್ನೂ ಯಾರೂ ಕೇಳಿಲ್ಲ.