ಕಾಗದ ಯಾವ ಕಚೇರ್ಯಾಗ ಅದ? ಓದುಗರು ಕೇಳ್ಯಾರ, ನಾವು ಹೇಳೀವಿ

ಪ್ರಶ್ನೆ: ನಮಸ್ಕಾರ್ರಿ. ನನ್ನ ಮಗಳು ಅಮೆರಿಕಾದ ವರ್ಜೀನಿಯಾ ರಾಜ್ಯದಾಗ ಫಾರ್ಮ್‌ವಿಲ್ ಅನ್ನೋ ಸಣ್ಣ ಊರಾಗ ಪಾಠ ಹೇಳ್ತಾಳ. ಈಗ ಅಲ್ಲೇ ಒಂದು ಹಳೇ ಮನಿ ತಗೋಬೇಕಂತ ಮಾಡ್ಯಾರ. ನಾವಿಲ್ಲಿ ಮನಿ ತಗೋಬೇಕಾದ್ರ ಇಸಿ ತೆಗಿಸ್ತೀವಿ, ಖಾತಾ ನೋಡ್ತೀವಿ, ವಕೀಲರಿಗೆ ತೋರಿಸ್ತೀವಿ. ಅಲ್ಲಿ ಇದೆಲ್ಲ ಎಲ್ಲಿ ನೋಡಬೇಕು? ಏಜೆಂಟ್ ಎಲ್ಲ ನೋಡ್ಕೋತಾನ ಅಂತಾಳ ಮಗಳು, ನನಗ ಸಮಾಧಾನ ಇಲ್ರಿ. — ಒಬ್ಬ ತಾಯಿ, ಸೇಡಂ

ಉತ್ತರ: ಅಕ್ಕಾರೇ, ನಿಮ್ಮ ಕಾಳಜಿ ಬರೋಬ್ಬರಿ ಅದ, ಮಗಳಿಗೆ ಇದನ್ನ ಪೂರಾ ಓದಿ ಹೇಳ್ರಿ. ಕೌಂಟಿ ಅಂದ್ರ ನಮ್ಮ ಜಿಲ್ಲಾ ಇದ್ದಂಗ, ಕೌಂಟಿ ಸೀಟ್ ಅಂದ್ರ ಆ ಕೌಂಟಿಯ ಕೋರ್ಟು ಕಚೇರಿ ಇರೋ ಮುಖ್ಯ ಊರು. ಫಾರ್ಮ್‌ವಿಲ್ಲು ಪ್ರಿನ್ಸ್ ಎಡ್ವರ್ಡ್ ಅನ್ನೋ ಕೌಂಟಿಯ ಮುಖ್ಯ ಊರು. ನಮ್ಮಲ್ಲಿ ಖರೀದಿ ಪತ್ರ ಸಬ್ ರಿಜಿಸ್ಟ್ರಾರ್ ಆಫೀಸಿನಾಗ, ಪಹಣಿ ತಹಸೀಲ್ದಾರ್ ಕಡೆ, ಮನಿ ಖಾತಾ ಪುರಸಭಾದಾಗ, ಹಿಂಗ ಮೂರು ಕಡೆ ಹಂಚಿ ಹೋಗ್ಯಾವ. ವರ್ಜೀನಿಯಾದಾಗ ಖರೀದಿ ಪತ್ರ, ಉಯಿಲು, ಮದುವಿ ಲೈಸೆನ್ಸು, ಕೋರ್ಟಿನ ತೀರ್ಪು ಇವೆಲ್ಲಾ ಒಬ್ಬರ ಸುಪರ್ದಿಯಾಗ ಇರ್ತಾವ, ಅವರಿಗೆ ಸರ್ಕಿಟ್ ಕೋರ್ಟ್ ಕ್ಲರ್ಕ್ ಅಂತಾರ. ಕ್ಲರ್ಕ್ ಅಂದ ಕೂಡ್ಲೇ ನಮ್ಮ ಗುಮಾಸ್ತರು ಅಂತ ತಿಳಕೋಬ್ಯಾಡ್ರಿ, ಅಲ್ಲಿ ಜನ ಓಟು ಹಾಕಿ 8 ವರ್ಷಕ್ಕ ಆರಿಸಿ ಕಳಿಸೋ ಹುದ್ದೆ ಅದು.

ಮೊದಲ ಕೆಲಸ, ಆ ಮನಿ ಯಾವ ಕೌಂಟಿಯಾಗ ಬರ್ತದ ಅಂತ ಖಾತ್ರಿ ಮಾಡ್ಕೊಳ್ಳೋದು. ಫಾರ್ಮ್‌ವಿಲ್ ಊರಿನ ಬಹಳಷ್ಟು ಭಾಗ ಪ್ರಿನ್ಸ್ ಎಡ್ವರ್ಡ್‌ದಾಗ ಅದ ಆದ್ರ ಒಂದು ಸಣ್ಣ ಭಾಗ ಕಂಬರ್ಲೆಂಡ್ ಕೌಂಟಿಗೆ ಸೇರ್ತದ, ಅದಕ್ಕ ಕೋರ್ಟು ಬ್ಯಾರೆ, ಪುಸ್ತಕ ಬ್ಯಾರೆ. ಅಂಚೆ ವಿಳಾಸದಾಗ ಫಾರ್ಮ್‌ವಿಲ್ ಅಂತ ಇದ್ದ ಮಾತ್ರಕ್ಕ ನಂಬಬ್ಯಾಡ್ರಿ. ಇದನ್ನ ಯಾಕ ಇಷ್ಟು ಒತ್ತಿ ಹೇಳ್ತೀನಿ ಅಂದ್ರ, ತಪ್ಪು ಕಚೇರಿಗೆ ಹೋಗಿ ಹುಡುಕಿದ್ರ ಅಲ್ಲಿ ಏನೂ ಸಿಗಂಗಿಲ್ಲ, ಏನೂ ಸಿಗಲಿಲ್ಲ ಅಂದ್ರ ಸಾಲ ಇಲ್ಲ ಅಂತ ಮಂದಿ ತಿಳಕೋತಾರ.

ಎರಡನೇದು, ಅಲ್ಲಿ ಹುಡುಕೋದು ಹೆಸರು ಹಿಡಿದು. ನಮ್ಮಲ್ಲಿ ಸರ್ವೆ ನಂಬರ್ ಹೇಳಿದ್ರ ಆ ಜಮೀನಿನ ಮ್ಯಾಲ ಏನೇನು ಆಗ್ಯದ ಅಂತ ಇಸಿ ಬರ್ತದ. ಅಲ್ಲಿ ಎರಡು ಸೂಚಿ ಇರ್ತಾವ, ಕೊಟ್ಟವರ ಹೆಸರಿಂದೊಂದು, ತಗೊಂಡವರ ಹೆಸರಿಂದೊಂದು. ಈಗ ಮಾರೋರ ಹೆಸರನ್ನ ತಗೊಂಡವರ ಸೂಚಿಯಾಗ ನೋಡಿದ್ರ ಅವರು ಯಾವಾಗ ಯಾರ ಕಡೆಯಿಂದ ತಗೊಂಡ್ರು ಅನ್ನೋದು, ಪತ್ರದ ಬುಕ್ ನಂಬರು, ಪುಟ ನಂಬರು ಸಿಗ್ತದ, ಆ ಪತ್ರ ತೆಗೆದ್ರ ಅದರ ಹಿಂದಿನ ಮಾಲಕರ ಹೆಸರು, ಹಿಂಗ ಮೆಟ್ಟಲ ಇಳಿದಂಗ ಹಿಂದ ಹಿಂದ ಹೋಗ್ಬೇಕು. ಅಲ್ಲಿ ಈ ಕೆಲಸ ಮಾಡೋರು ಸಾಮಾನ್ಯವಾಗಿ 60 ವರ್ಷ ಹಿಂದಕ ನೋಡ್ತಾರ. ಆಮ್ಯಾಲ ಒಬ್ಬೊಬ್ಬ ಮಾಲಕರ ಹೆಸರನ್ನೂ ಕೊಟ್ಟವರ ಸೂಚಿಯಾಗ ನೋಡಬೇಕು, ಯಾಕಂದ್ರ ಮನಿ ಮ್ಯಾಲ ಸಾಲ ತೆಗೆದಿದ್ರ ‘ಡೀಡ್ ಆಫ್ ಟ್ರಸ್ಟ್’ ಅನ್ನೋ ಪತ್ರ ಅಲ್ಲೇ ದಾಖಲಾಗಿರ್ತದ, ಸಾಲ ತೀರಿದ್ರ ತೀರಿತು ಅನ್ನೋ ಸರ್ಟಿಫಿಕೇಟೂ ದಾಖಲಾಗಿರಬೇಕು, ಅದಿಲ್ಲಂದ್ರ ಕೇಳ್ರಿ. ಹೆಣ್ಮಕ್ಕಳ ಹೆಸರು ಮದುವಿ ಆದ ಮ್ಯಾಲ ಬದಲಾಗಿರ್ತದ, ಒಂದೇ ಹೆಸರನ್ನ ಎರಡು ನಮೂನಿ ಬರೆದಿರ್ತಾರ, ಎರಡೂ ನೋಡಬೇಕು. ಮನಿ ವಾರಸಾದಿಂದ ಬಂದಿದ್ರ ಖರೀದಿ ಪತ್ರ ಇರಂಗಿಲ್ಲ, ಉಯಿಲಿನ ಪುಸ್ತಕ ತೆಗಿಸ್ಬೇಕು. ಮಾಲಕರ ಮ್ಯಾಲ ಕೋರ್ಟಿನ ಬಾಕಿ ತೀರ್ಪು ಏನರ ಅದ ಏನು ಅನ್ನೋದಕ್ಕೂ ಅದೇ ಕಚೇರ್ಯಾಗ ಪುಸ್ತಕ ಅದ.

ತೆರಿಗಿ ಬಾಕಿ ಬ್ಯಾರೆ ಕಡೆ. ಮನಿ ಬೆಲೆ, ಅಳತಿ ಇವೆಲ್ಲಾ ‘ಕಮಿಷನರ್ ಆಫ್ ದಿ ರೆವೆನ್ಯೂ’ ಕಡೆ ಕೇಳ್ರಿ, ತೆರಿಗಿ ಕಟ್ಯಾರೋ ಇಲ್ಲೋ ಅನ್ನೋದು ಟ್ರೆಜರರ್ ಕಡೆ.

ಮಗಳು ಅಲ್ಲೇ ಇದ್ದಾಳಲ್ಲ, ಒಂದು ದಿವಸ ಕೋರ್ಟ್‌ಹೌಸಿಗೆ ಖುದ್ದ ಹೋಗ್ಲಿ. ಪುಸ್ತಕ ನೋಡಾಕ ಯಾರ ಪರವಾನಗಿನೂ ಬ್ಯಾಡ, ಯಾರು ಬೇಕಾದ್ರೂ ನೋಡಬಹುದು, ನಕಲಿಗೆ ಪುಟಕ್ಕ ಅರ್ಧ ಡಾಲರ್. ಮನಿಯಾಗ ಕುಂತು ಕಂಪ್ಯೂಟರ್‌ದಾಗ ನೋಡೋ ಸೌಲಭ್ಯಕ್ಕ ಕೌಂಟಿ ಕೌಂಟಿಗೆ ಬ್ಯಾರೆ ಚಂದಾ ಕಟ್ಟಬೇಕಾಗ್ತದ, ಒಂದು ಮನಿ ಸಲುವಾಗಿ ಅಷ್ಟು ಬ್ಯಾಡ. ಇನ್ನೊಂದು, ನಮ್ಮ ಆರ್‌ಟಿಐ ಇದ್ದಂಗ ಅಲ್ಲೂ ಒಂದು ಕಾಯ್ದೆ ಅದ, ಕೆಲಸದ 5 ದಿವಸದಾಗ ಉತ್ತರ ಕೊಡಬೇಕು, ಆದ್ರ ಅದನ್ನ ಹಕ್ಕಿನಿಂದ ಕೇಳೋದು ವರ್ಜೀನಿಯಾದ ನಾಗರಿಕರಿಗೆ ಮತ್ತ ಪತ್ರಿಕೆಯವರಿಗೆ ಮಾತ್ರ, 2013ರಾಗ ಅಮೆರಿಕಾದ ಸುಪ್ರೀಂ ಕೋರ್ಟೂ ಅದು ಸರಿ ಅಂತ ಹೇಳ್ತು. ನೀವು ಸೇಡಂದಿಂದ ಅರ್ಜಿ ಹಾಕಿದ್ರ ಕೊಡಲೇಬೇಕು ಅಂತಿಲ್ಲ. ಖರೀದಿ ಪತ್ರಕ್ಕ ಈ ಕಾಯ್ದೆ ಬೇಕಾಗೇ ಇಲ್ಲ, ಅದಕ್ಕ ಹೆದರಬ್ಯಾಡ್ರಿ.

ಮತ್ತ ಬ್ಯಾಂಕ್ ಸಾಲ ಕೊಡಬೇಕಾದ್ರ ಟೈಟಲ್ ಇನ್ಶೂರೆನ್ಸ್, ಅಂದ್ರ ಮನಿ ಮಾಲಕತ್ವದಾಗ ತಕರಾರು ಬಂದ್ರ ನಷ್ಟ ತುಂಬಿಕೊಡೋ ವಿಮೆ, ಮಾಡಿಸ್ತದ. ಅದು ಬ್ಯಾಂಕಿನ ರೊಕ್ಕ ಕಾಯ್ತದ, ನಿಮ್ಮ ಮಗಳ ರೊಕ್ಕ ಕಾಯಂಗಿಲ್ಲ. ಮಾಲಕರ ಪಾಲಿಸಿ ಅಂತ ಬ್ಯಾರೆ ಇರ್ತದ, ಅದನ್ನ ಕೇಳಿ ತಗೋ ಅಂತ ಹೇಳ್ರಿ, ಇದೊಂದು ಮಾತು ಮರಿಬ್ಯಾಡ್ರಿ.

ಮನಿ ಬಹಳ ಹಳೇದಿದ್ದು ಅದರ ಚರಿತ್ರೆ ತಿಳಕೊಳ್ಳೋ ಆಸೆ ಮಗಳಿಗೆ ಇದ್ರ ಇನ್ನೂ ಹಿಂದಕ ಹೋಗಬಹುದು. ಪ್ರಿನ್ಸ್ ಎಡ್ವರ್ಡ್ ಕೌಂಟಿ ಆಗಿದ್ದು 1754ರಾಗ, ಅಮೀಲಿಯಾ ಕೌಂಟಿ ಒಡೆದು, ಅದಕ್ಕಿಂತ ಹಿಂದಿನ ಪತ್ರ ಅಮೀಲಿಯಾದಾಗ ಹುಡುಕ್ಬೇಕು. ನಮ್ಮ ಯಾದಗಿರಿ 2009ರ ಡಿಸೆಂಬರ್‌ದಾಗ ಬ್ಯಾರೆ ಜಿಲ್ಲಾ ಆತಲ್ಲ, ಹಳೇ ಕಡತಕ್ಕ ಇನ್ನೂ ಕಲಬುರಗಿ ಬಸ್ ಹತ್ತತೀವಲ್ಲ, ಹಂಗೇ. ಬಾಜೂದ ಬಕಿಂಗ್‌ಹ್ಯಾಮ್ ಕೌಂಟಿಯಾಗ 1869ರಾಗ ಕೋರ್ಟ್‌ಹೌಸ್ ಸುಟ್ಟು ಹಳೇ ದಾಖಲೆ ಬಹುತೇಕ ಎಲ್ಲಾ ಹೋದ್ವು, ಅಲ್ಲಿನ ಮಂದಿ ತಮ್ಮ ಮುತ್ಯಾನ ಹೆಸರು ಹುಡುಕಾಕ ತೆರಿಗಿ ಪಟ್ಟಿ ಹಿಡಿದು ಒದ್ದಾಡ್ತಾರ. ಪ್ರಿನ್ಸ್ ಎಡ್ವರ್ಡ್‌ದವರ ಪುಣ್ಯ, ಅವರವು ಉಳಿದಾವ. ಅದೇ ಕೌಂಟಿಯಾಗ ರಿಚರ್ಡ್ ರಾಂಡಾಲ್ಫ್ ಅನ್ನೋ ಜಮೀನ್ದಾರ ತನ್ನ ಗುಲಾಮರನ್ನ ಬಿಡುಗಡೆ ಮಾಡಿ ಅವರಿಗೆ ಜಮೀನೂ ಕೊಡಬೇಕಂತ ಉಯಿಲು ಬರೆದು 1796ರಾಗ ಸತ್ತ, ಅದು ಜಾರಿ ಆಗಾಕ 1810 ಬೇಕಾತು, ಸುಮಾರು 90 ಮಂದಿ ಬಿಡುಗಡೆ ಆಗಿ ಫಾರ್ಮ್‌ವಿಲ್ ಹತ್ರ ಇಸ್ರೇಲ್ ಹಿಲ್ ಅನ್ನೋ ವಸ್ತಿ ಕಟ್ಟಿದ್ರು. ಆ ಮಂದಿ ಜಮೀನು ತಗೊಂಡಿದ್ದು, ಮಾರಿದ್ದು, ಕೋರ್ಟಿಗೆ ಹೋಗಿ ಗೆದ್ದಿದ್ದು ಎಲ್ಲಾ ಇವತ್ತು ನಮಗ ಗೊತ್ತಿರೋದು ಆ ಕೌಂಟಿ ಕಾಗದದಿಂದನೇ. ಅದೇ ಕೌಂಟಿ 1959ರಾಗ, ಬಿಳಿ ಕರಿ ಮಕ್ಕಳನ್ನ ಒಂದೇ ಸಾಲ್ಯಾಗ ಕೂಡಿಸ್ಬೇಕಾಗ್ತದ ಅಂತ, ಸಾಲಿಗೆ ರೊಕ್ಕಾನೇ ಕೊಡಂಗಿಲ್ಲ ಅಂತ ನಿರ್ಧಾರ ಮಾಡಿ 1964ರ ತನಕ ಸರ್ಕಾರಿ ಸಾಲಿ ಮುಚ್ಚಿಬಿಟ್ಟಿತ್ತು, ಐದು ವರ್ಷ! ಯಾರ ಮಕ್ಕಳಿಗೆ ಅನ್ಯಾಯ ಆತು ಅನ್ನೋದಕ್ಕ ಸಾಕ್ಷಿ ಕಾಗದ. ಅದಕ್ಕೇ ನನಗ ರೆಕಾರ್ಡ್ ರೂಮ್ ಅಂದ್ರ ಗುಡಿ ಇದ್ದಂಗ ಅನಸ್ತದ. ಹಳೇ ಕೌಂಟಿ ದಾಖಲೆಗಳ ಮೈಕ್ರೋಫಿಲ್ಮ್ ರಿಚ್ಮಂಡ್‌ನಾಗಿನ ಲೈಬ್ರರಿ ಆಫ್ ವರ್ಜೀನಿಯಾದಾಗ ಅವ, ಆಸ್ತಿ ಜಗಳದ ಹಳೇ ಕೇಸುಗಳ ಚಿತ್ರಗಳೂ ಅವರು ಪುಕ್ಕಟೆ ನೋಡಾಕ ಇಟ್ಟಾರ.

ಪ್ರಶ್ನೆ: ಮುತ್ಯಾನ ಜಮೀನಿನ ಕಾಗದ ಸಿಕ್ಕಾವ, ಎಲ್ಲಾ ಉರ್ದುದಾಗ ಅವ, ಇಸವಿ 1350 ಅಂತ ಅದ. ಇದು ಖೊಟ್ಟಿ ಅಂತ ಒಬ್ಬರು ಹೇಳಿದ್ರು. ಹೌದೇನ್ರಿ? — ರೈತರೊಬ್ಬರು, ಶಹಾಪುರ

ಉತ್ತರ: ಅಣ್ಣಾ, ಬರೇ ಆ ಇಸವಿ ನೋಡಿ ಖೊಟ್ಟಿ ಅನ್ನಾಕ ಬರಂಗಿಲ್ಲ. ಅದು ಫಸಲಿ ಇಸವಿ, ನಿಜಾಮರ ಕಾಲದ್ದು, 590 ಕೂಡಿಸ್ರಿ, 1940 ಆಗ್ತದ. ಆಗ ನಮ್ಮ ಭಾಗದಾಗ ಸರ್ಕಾರಿ ಭಾಷೆ ಉರ್ದು, 1948ರ ಸೆಪ್ಟೆಂಬರ್ ತನಕ ನಾವು ಹೈದರಾಬಾದ್ ಸಂಸ್ಥಾನದಾಗೇ ಇದ್ವಿ. ಮೊದಲು ಚಲೋ ಉರ್ದು ಬರೋ ಹಿರಿಯ ಮಾಸ್ತರರೊಬ್ಬರಿಗೆ ತೋರಿಸ್ರಿ, ಅದು ಶಿಕಸ್ತಾ ಅನ್ನೋ ಹಳೇ ಓಡುಬರಹ ಇದ್ರ ಈಗಿನ ಹುಡುಗರಿಗೆ ಓದಾಕ ಬರಂಗಿಲ್ಲ. ಅದರಾಗ ಹಳೇ ಸರ್ವೆ ನಂಬರು, ಪಟ್ಟಾದಾರರ ಹೆಸರು, ಗ್ರಾಮದ ಹೆಸರು ಬರಕೊಂಡು ತಹಸೀಲ್ ಆಫೀಸಿನ ರೆಕಾರ್ಡ್ ರೂಮಿಗೆ ಹೋಗಿ ಖಾಸ್ರಾ ಪಹಣಿ, ಕೈಬರಹದ ಹಳೇ ಪಹಣಿ, ಮುಟೇಶನ್ ಪುಸ್ತಕದ ನಕಲಿಗೆ ಅರ್ಜಿ ಕೊಡ್ರಿ. ಕಂಪ್ಯೂಟರ್ ಪಹಣಿ ಭೂಮಿ ಯೋಜನೆ ಬಂದ ಮ್ಯಾಲಿಂದು ಮಾತ್ರ ಸಿಗ್ತದ.

ನಾನೂ ಒಂದು ಕಚೇರಿಗೆ ನಮ್ಮಪ್ಪನ ಜಮೀನಿನ ಕಡತಕ್ಕ ಮೂರು ಸಲ ಹೋದೆ, ಮೂರೂ ಸಲ ಇಲ್ಲ ಅಂದ್ರು, ಬಸ್ ಚಾರ್ಜು, ಕೂಲಿ ಎಲ್ಲಾ ಹೋತು, ಭಾಳ ನೋವಾತು. ನಾಲ್ಕನೇ ಸಲ ಅಲ್ಲಿನ ಹಳೇ ನೌಕರರೊಬ್ಬರು ಊರಿನ ಹೆಸರು ಉರ್ದುದಾಗ ಹೆಂಗ ಬರೀತಿದ್ರು ಅಂತ ಕೇಳಿ ಬ್ಯಾರೆ ಕಟ್ಟಿನಾಗ ತೆಗೆದು ಕೊಟ್ರು, ಕಣ್ಣಾಗ ನೀರು ಬಂತು ನನಗ. ಅದಕ್ಕ ಊರಿನ ಹಳೇ ಹೆಸರು, ಹಳೇ ತಾಲೂಕು ಎಲ್ಲಾ ಬರಕೊಂಡೇ ಹೋಗ್ರಿ. ಜಾಗೀರು ಇನಾಮಿನ ಜಮೀನಿದ್ರ ಹೈದರಾಬಾದಿನ ತಾರ್ನಾಕಾದಾಗ ಇರೋ ತೆಲಂಗಾಣ ಪತ್ರಾಗಾರದಾಗೂ ವಿಚಾರಿಸಬಹುದು. ಮೂಲ ಕಾಗದ ಯಾರ ಕೈಗೂ ಬಿಟ್ಟು ಬರಬ್ಯಾಡ್ರಿ, ಜೆರಾಕ್ಸ್ ಕೊಡ್ರಿ.

ಪ್ರಶ್ನೆ: ಅವ್ವ ಹುಟ್ಟಿದ್ದು 1962ರಾಗ ಹುಮನಾಬಾದ್ ಕಡೆ ಹಳ್ಯಾಗ. ಜನನ ಪ್ರಮಾಣಪತ್ರ ಬೇಕಾಗ್ಯದ, ನಾವು ಈಗ ಬೆಂಗಳೂರಾಗ ಇದ್ದೀವಿ, ಇಲ್ಲೇ ಮಾಡಿಸಬಹುದಾ? — ಓದುಗರು, ಬೀದರ ಮೂಲದವರು

ಉತ್ತರ: ಇಲ್ರಿ, ಹುಟ್ಟಿದ ಜಾಗದ ಕಚೇರ್ಯಾಗೇ ಆಗಬೇಕು. ಮೊದಲು ಅಲ್ಲಿ ಹುಡುಕಿಸ್ರಿ, ಇಲ್ಲಂದ್ರ ದಾಖಲೆ ಲಭ್ಯ ಇಲ್ಲ ಅನ್ನೋ ಪತ್ರ ತಗೋರಿ, ಅವ್ವ ಕಲ್ತ ಸಾಲ್ಯಾಗಿನ ದಾಖಲಾತಿ ರಿಜಿಸ್ಟರ್ ನಕಲು ತಗೋರಿ. ವರ್ಷ ದಾಟಿದ ಜನನ ನೋಂದಣಿಗೆ ಮೊದಲು ಕೋರ್ಟಿನ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು, 2023ರ ತಿದ್ದುಪಡಿ ಆದ ಮ್ಯಾಲ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಮ್ಯಾಜಿಸ್ಟ್ರೇಟರ ಕಡೆ ಹೋಗ್ಬೇಕು.

ಪ್ರಶ್ನೆ: ಪುರಸಭಾದಾಗ ಕಡತ ತೋರಿಸಂಗಿಲ್ಲ ಅಂತಾರ, ಆರ್‌ಟಿಐ ಹಾಕ್ಲೇನ್ರಿ? ಎರಡು ಪುಟ ಬರೆದಿಟ್ಟೀನಿ. — ಯುವಕ, ಯಾದಗಿರಿ

ಉತ್ತರ: ಹಾಕಪ್ಪಾ, ಆದ್ರ ಎರಡು ಪುಟ ಬ್ಯಾಡ, ನಮ್ಮ ರಾಜ್ಯದ ನಿಯಮದಾಗ ಅರ್ಜಿ 150 ಶಬ್ದದೊಳಗ, ಒಂದೇ ವಿಷಯದ ಮ್ಯಾಲ ಇರಬೇಕು. ‘ಯಾಕ ಹಿಂಗ ಮಾಡೀರಿ’ ಅಂತ ಕೇಳಬ್ಯಾಡ, ‘ಇಂಥಾ ವಾರ್ಡಿನ, ಇಂಥಾ ವರ್ಷದ, ಇಂಥಾ ಕಡತದ ದೃಢೀಕೃತ ನಕಲು ಕೊಡ್ರಿ’ ಅಂತ ಕೇಳು, ಕಡತ ಪರಿಶೀಲನೆಗೆ ಅವಕಾಶ ಕೊಡ್ರಿ ಅಂತಾನೂ ಬರಿ, ಅದೂ ನಿನ್ನ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚು, ಬಿಪಿಎಲ್ ಕಾರ್ಡ್ ಇದ್ರ ಅದರ ನಕಲು ಹಚ್ಚು, ಫೀ ಇಲ್ಲ. 30 ದಿವಸದಾಗ ಉತ್ತರ ಬರಲಿಲ್ಲಂದ್ರ ಮುಂದಿನ 30 ದಿವಸದೊಳಗ ಮೊದಲನೇ ಮೇಲ್ಮನವಿ ಹಾಕು. ಸ್ವೀಕೃತಿ ತಗೊಳ್ಳದೇ ಟಪಾಲ್ ಕೌಂಟರ್ ಬಿಟ್ಟು ಬರಬ್ಯಾಡ.