ಮಳೆಗೆ ಉಬ್ಬಿದ ಹಿಡಿ, ತಲೆ ಕಿತ್ತ ಸ್ಕ್ರೂ

ಪ್ರಶ್ನೆ: ಸರ್, ಸೆಪ್ಟೆಂಬರ್ 3ರ ಕೈಲ್ ಪೊಳ್ದ್, ಅಂದರೆ ಕೊಡವರ ಆಯುಧಪೂಜೆ ಹಬ್ಬಕ್ಕೆಂದು ಅಪ್ಪನ ಹಳೆಯ .32 ರಿವಾಲ್ವರ್ ಬಿಚ್ಚಿ ಒರೆಸಿದೆ. ವಾಪಸ್ ಜೋಡಿಸುವಾಗ ಹಿಡಿಯ ಸ್ಕ್ರೂ ತಲೆಯೇ ಕಿತ್ತು ಬಂತು. ಜೋರಾಗಿ ತಿರುಗಿಸಿರಲಿಲ್ಲ. ಯಾಕೆ ಹೀಗಾಯಿತು?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಜೋರಾಗಿ ತಿರುಗಿಸಲಿಲ್ಲ ಅಂತ ನಾನೂ ಹೇಳಿದ್ದೆ. ಸೇನೆಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿಯ ಕೆಲಸ ಕಲಿಯುವಾಗ ಮೊದಲ ತಿಂಗಳಲ್ಲೇ ಒಂದು ಸ್ಕ್ರೂ ಮುರಿದೆ. ಉಸ್ತಾದ್ ಬೈಯಲಿಲ್ಲ. ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಇಸಿದುಕೊಂಡು ಅದರ ತುದಿ ನೋಡಿದರು, ಅಷ್ಟೇ.

ನಿಮ್ಮದೂ ಸ್ವಿಚ್ ಬೋರ್ಡ್ ಬಿಚ್ಚುವ ಡ್ರೈವರ್ ಇರಬೇಕು, ಅಲ್ವಾ? ಅದರ ತುದಿ ಉಳಿಯ ಹಾಗೆ ಇಳಿಜಾರು. ಸ್ಕ್ರೂ ತಲೆಯ ಗೀರಿನ ತಳ ಮುಟ್ಟುವುದಿಲ್ಲ, ಮೇಲಿನ ಅಂಚನ್ನಷ್ಟೇ ತಿನ್ನುತ್ತದೆ. ಕೋವಿ ಕೆಲಸದ ಡ್ರೈವರ್ ತುದಿ ಎರಡೂ ಬದಿ ನೇರ. ಗೀರಿನಲ್ಲಿ ಅಲುಗಾಡದೆ ಕೂತರೆ ಮಾತ್ರ ತಿರುಗಿಸಿ.

ಆದರೆ ತಲೆಯೇ ಕಿತ್ತು ಬಂದದ್ದಕ್ಕೆ ನನ್ನ ಅನುಮಾನ ಹಿಡಿಯ ಎರಡೂ ಬದಿಯ ಮರದ ಪಟ್ಟಿಗಳ ಮೇಲೆ. ಆ ಸ್ಕ್ರೂ ಒಂದು ಪಟ್ಟಿಯಲ್ಲಿ ಹೊಕ್ಕು, ಆಚೆ ಪಟ್ಟಿಯಲ್ಲಿ ಕೂರಿಸಿದ ಲೋಹದ ನಟ್ಟಿಗೆ ಸೇರಬೇಕು. ಮೂರು ತಿಂಗಳು ಕೊಡಗಿನ ಮಳೆ ಕುಡಿದ ಮರ ಉಬ್ಬುತ್ತದೆ. ತೂತು ಕೂದಲೆಳೆಯಷ್ಟು ಸರಿದರೂ ಸ್ಕ್ರೂ ಓರೆಯಾಗಿ ಹೋಗಿ ಥ್ರೆಡ್ ಮೇಲೆ ಥ್ರೆಡ್ ಹತ್ತುತ್ತದೆ. ನಮಗೆ ಸುಮ್ನೆ ಬಿಗಿ ಇದೆ ಅನಿಸುತ್ತದೆ. ಇನ್ನೊಂದು ಸುತ್ತು ಕೊಟ್ಟರೆ ಕತ್ತು ಕಟ್.

ಇನ್ನು ಮುಂದೆ, ಬಿಚ್ಚುವ ಮೊದಲು ಗುಂಡು ತುಂಬುವ ಎಲ್ಲ ಕೋಣೆಯೂ ಖಾಲಿ ಇದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ. ಜೋಡಿಸುವಾಗ ಸ್ಕ್ರೂವನ್ನು ಬೆರಳಲ್ಲಿ ಹಿಡಿದು ಮೊದಲು ಎಡಕ್ಕೆ, ಅಂದರೆ ಉಲ್ಟಾ ತಿರುಗಿಸಿ. ಥ್ರೆಡ್ ಸಿಕ್ಕಾಗ ಸಣ್ಣಗೆ 'ಟಕ್' ಎಂದು ಇಳಿಯುತ್ತದೆ. ಆಮೇಲೆ ಬಲಕ್ಕೆ. ಮೊದಲ ಮೂರು ಸುತ್ತು ಬೆರಳಲ್ಲೇ ಹೋಗಬೇಕು. ನಿಂತರೆ ತೆಗೆದುಬಿಡಿ, ಹಟ ಬೇಡ. ಕೊನೆಗೆ ಡ್ರೈವರ್ ಹಿಡಿಯನ್ನು ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಮಾತ್ರ ತಿರುಗಿಸಿ. ಅಂಗೈ ಬಂದರೆ ಜಾಸ್ತಿಯಾಯಿತು ಎಂದೇ ಅರ್ಥ.

ಥ್ರೆಡ್‌ನ ಹಳೆಯ ಜಿಡ್ಡನ್ನು ಟೂತ್‌ಬ್ರಷ್‌ನಿಂದ ಉಜ್ಜಿ, ಒಂದು ಹನಿ ಗನ್ ಆಯಿಲ್ ಹಾಕಿ. ಕೊಬ್ಬರಿ ಎಣ್ಣೆ ಹಾಕುವ ಅಜ್ಜಂದಿರನ್ನು ನೋಡಿದ್ದೇನೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ನಮ್ಮ ಊರಿನ ಚಳಿಗೆ ಕೇಳಬೇಕೇ!

ಒಳಗೆ ಉಳಿದ ತುಂಡಿಗೆ ನೀವೇ ಡ್ರಿಲ್ ಹಾಕಬೇಡಿ. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ತುರುಕುವುದೂ ಬೇಡ, ಥ್ರೆಡ್ ಅಳತೆ ಬೇರೆ. ಲೈಸೆನ್ಸ್ ಇರುವ ರಿಪೇರಿಯವರಿಗೇ ಕೊಡಿ. ಉದ್ದ ನಳಿಗೆಯ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇರಬಹುದು, ರಿವಾಲ್ವರ್‌ಗೆ ಅದಿಲ್ಲ; ರಿಪೇರಿ ಅಂಗಡಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಬೇಕೇ ಬೇಕು.

ಹಬ್ಬದೊಳಗೆ ಸರಿಯಾಗದಿದ್ದರೆ ಬೇಸರ ಬೇಡ. ಹಿಡಿಯ ಪಟ್ಟಿ ಇಲ್ಲದೆಯೂ ಪೂಜೆಗಿಡಬಹುದು. ಹಬ್ಬದ ತೋಕ್ ಪೂ, ಅಂದರೆ ಕೋವಿ ಹೂ ಸಿಕ್ಕಿಸಲು ನಳಿಗೆ ಇದೆಯಲ್ಲ.